ಡೈರೆಕ್ಟ್ ಸೆಲ್ಲಿಂಗ್ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ 11 ವರ್ಷದಿಂದ ಮನೆ ಮನೆಗೆ ಹೋಗಿ ಮಾರುತ್ತಿದ್ದೇನೆ. ಪಾತ್ರೆ ತೊಳೆಯುವ ಲಿಕ್ವಿಡ್, ನೆಲ ಒರೆಸುವ ಲಿಕ್ವಿಡ್, ಸೋಪು, ಶಾಂಪೂ, ಒಂದಿಷ್ಟು ಕ್ರೀಮು. ಹೊಸದಾಗಿ ಸೇರುವವರು ಫೋನಿನಲ್ಲಿ, ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಹಾಗೇ ಬರೆದಿದ್ದೇನೆ. ಯಾವ ಕಂಪನಿಯ ಪರವಾಗಿಯೂ ಬರೆದಿಲ್ಲ.

## ಸೇರುವ ಮೊದಲು

ಅಕ್ಕಾ, ಇದು ಚೈನ್ ಬಿಸಿನೆಸ್ ತಾನೇ? ಪೊಲೀಸ್ ಕೇಸ್ ಆಗಲ್ವಾ?

ಚೈನ್ ಬಿಸಿನೆಸ್, ಡೈರೆಕ್ಟ್ ಸೆಲ್ಲಿಂಗ್ ಎರಡೂ ಬೇರೆ ಬೇರೆ. ಆದರೆ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಅಂಗಡಿ ಇಲ್ಲದೆ ಕಂಪನಿಯ ವಸ್ತುವನ್ನು ಬಳಸುವವರಿಗೆ ನೇರವಾಗಿ ಮಾರುವುದು ಡೈರೆಕ್ಟ್ ಸೆಲ್ಲಿಂಗ್. ಅದು ಕಾನೂನುಬದ್ಧ. ಅದಕ್ಕೆಂದೇ ಕೇಂದ್ರ ಸರ್ಕಾರ 2021ರ ಡಿಸೆಂಬರ್ 28ರಂದು ಗ್ರಾಹಕ ರಕ್ಷಣಾ ಕಾಯ್ದೆಯ ಅಡಿಯಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಅದೇ ನಿಯಮಗಳು ಪಿರಮಿಡ್ ಸ್ಕೀಮನ್ನು ನಿಷೇಧಿಸುತ್ತವೆ. ಅಂದರೆ, ಹೊಸಬರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪದ್ಧತಿ. ದುಡ್ಡು ಕಟ್ಟಿಸಿಕೊಂಡು ಸದಸ್ಯರನ್ನು ಸೇರಿಸುತ್ತಾ ಹೋಗುವ ಹಣ ಚಲಾವಣೆ ಯೋಜನೆಗಳಿಗೆ ಇನ್ನೂ ಹಳೆಯ, 1978ರ ನಿಷೇಧ ಕಾಯ್ದೆಯೇ ಇದೆ.

ಗುರುತಿಸುವುದು ಹೇಗೆ? ನಿಮ್ಮನ್ನು ಸೇರಿಸಲು ಬಂದವರಿಗೆ ಒಂದೇ ಪ್ರಶ್ನೆ ಹಾಕಿ: 'ನಾನು ಯಾರನ್ನೂ ಸೇರಿಸಲ್ಲ, ಬರೀ ಮಾರುತ್ತೇನೆ. ಆಗ ನನಗೆ ಎಷ್ಟು ಸಿಗುತ್ತೆ?' ಒಳ್ಳೆಯ ಕಂಪನಿಯವರು ಬೆಲೆಪಟ್ಟಿ ತೆಗೆದು ಲೆಕ್ಕ ಹೇಳುತ್ತಾರೆ. 'ಬರೀ ಮಾರಿದರೆ ಏನೂ ಸಿಗಲ್ಲ ಮೇಡಂ, ಇಬ್ಬರನ್ನು ಸೇರಿಸಿ, ಅವರು ಇಬ್ಬರನ್ನು ಸೇರಿಸಲಿ' ಎಂದರೆ ಚಹಾ ಕುಡಿಸಿ ಕಳಿಸಿಬಿಡಿ.

ಸೇರೋಕೆ 6,000 ಕಟ್ಟಿ ಅಂತಿದ್ದಾರೆ. ಕಟ್ಟಲಾ?

ಬೇಡ. ಸೇರ್ಪಡೆ ಶುಲ್ಕ ಕೇಳಬಾರದು ಅಂತ 2016ರ ಕೇಂದ್ರ ಮಾರ್ಗಸೂಚಿಯಲ್ಲೇ ಇತ್ತು. 'ಫೀಸ್ ಅಲ್ಲ, ಕಿಟ್‌ನ ಬೆಲೆ' ಅಂತ ಹೇಳುವವರೂ ಇದ್ದಾರೆ. ಪುಸ್ತಕವನ್ನಾಗಲಿ, ಡೆಮೊ ಸಾಮಾನನ್ನಾಗಲಿ ಕೊಳ್ಳಲೇಬೇಕು ಎಂದು ಮಾರಾಟಗಾರರು ಹೊಸಬರನ್ನು ಒತ್ತಾಯಿಸುವಂತಿಲ್ಲ ಎಂದು 2021ರ ನಿಯಮ ಹೇಳುತ್ತದೆ. ನಿಮಗೆ ಬೇಕು ಅನಿಸಿದ ಎರಡು ವಸ್ತು ನೀವೇ ಇಷ್ಟಪಟ್ಟು ಕೊಂಡರೆ ಅದು ಬೇರೆ ಮಾತು.

ಇಷ್ಟೊಂದು ಕಂಪನಿ ಇವೆ, ಯಾವುದನ್ನ ಆರಿಸಲಿ?

ಆಮ್‌ವೇ, ಮೋದಿಕೇರ್, ಓರಿಫ್ಲೇಮ್, ಟಪ್ಪರ್‌ವೇರ್ ಭಾರತದಲ್ಲಿ 1990ರ ದಶಕದಲ್ಲೇ ಶುರುವಾದವು. ವೆಸ್ಟಿಜ್ 2004ರಲ್ಲಿ ಬಂತು. ಹರ್ಬಲೈಫ್‌ನ ಭಾರತದ ಮುಖ್ಯ ಕಚೇರಿ ನಮ್ಮ ಬೆಂಗಳೂರಲ್ಲೇ ಇದೆ. ಹೆಸರು ದೊಡ್ಡದು ಅಂತಲೋ, ಪಕ್ಕದ ಮನೆಯವರು ಸೇರಿದರು ಅಂತಲೋ ಸೇರಬೇಡಿ.

ನಾನು ಹೇಳುವುದು ಇಷ್ಟೇ. ಒಬ್ಬ ಗಿರಾಕಿಯ ಹಾಗೆ ಆ ವಸ್ತುವನ್ನು ಪೂರ್ತಿ ಬೆಲೆ ಕೊಟ್ಟು ಕೊಂಡು ಒಂದು ತಿಂಗಳು ಬಳಸಿ. ಖಾಲಿಯಾದ ಮೇಲೆ ಅದೇ ಬೆಲೆಗೆ ಮತ್ತೆ ಕೊಳ್ಳಬೇಕು ಅನಿಸುತ್ತಾ? ನಿಮ್ಮ ಕೈ ಹಿಂದೆ ಸರಿದರೆ ಗಿರಾಕಿಯ ಕೈಯೂ ಸರಿಯುತ್ತದೆ. ಈ ಕೆಲಸ ನಿಂತಿರುವುದೇ ಎರಡನೇ ಆರ್ಡರ್ ಮೇಲೆ. ಮೊದಲ ಆರ್ಡರ್ ನಿಮ್ಮ ಮುಖ ನೋಡಿ ಬರುತ್ತದೆ, ಎರಡನೆಯದು ವಸ್ತು ನೋಡಿ ಬರುತ್ತದೆ.

ಇನ್ನೊಂದು ಕೆಲಸ: ಕಂಪನಿಯ ವೆಬ್‌ಸೈಟಿನಲ್ಲಿ ಭಾರತದ ನೋಂದಾಯಿತ ಕಚೇರಿಯ ವಿಳಾಸ, ದೂರು ಪರಿಹಾರ ಅಧಿಕಾರಿಯ ಹೆಸರು, ನಂಬರ್ ಇರಬೇಕು. ಆ ನಂಬರಿಗೆ ಸುಮ್ನೆ ಒಂದು ಫೋನ್ ಮಾಡಿ. ಎತ್ತುತ್ತಾರಾ ನೋಡಿ. ಐದು ನಿಮಿಷದ ಕೆಲಸ, ಆದರೆ ನನಗೆ ಗೊತ್ತಿರುವವರಲ್ಲಿ ಹೆಚ್ಚಿನವರು ಇದನ್ನು ಮಾಡಿಯೇ ಇಲ್ಲ.

ನನಗೆ ಇಂಗ್ಲಿಷ್ ಬರಲ್ಲ, ಹಳ್ಳಿ ಕಡೆಯವಳು. ಆಗುತ್ತಾ?

ಖಂಡಿತ ಆಗುತ್ತದೆ. ನನ್ನ ಒಳ್ಳೆಯ ಗಿರಾಕಿಗಳಲ್ಲಿ ಅರ್ಧ ಜನ ಹರಿಹರ, ಮಲೇಬೆನ್ನೂರು ಕಡೆಯವರು, ಕನ್ನಡದಲ್ಲೇ ವ್ಯವಹಾರ. ಇಂಗ್ಲಿಷ್ ಬೇಕಾಗುವುದು ಒಂದೇ ಕಡೆ, ಒಪ್ಪಂದ ಪತ್ರದಲ್ಲಿ. ಕಂಪನಿ ನಿಮ್ಮ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಲೇಬೇಕು. ಮೊಬೈಲಿನಲ್ಲಿ 'ಒಪ್ಪಿದೆ' ಎಂದು ಒತ್ತುವ ಮೊದಲು ಓದಿದವರ ಹತ್ತಿರ ಕೂತು ಮೂರು ವಿಷಯ ಓದಿಸಿ: ಎಷ್ಟು ದಿನದೊಳಗೆ ದಂಡ ಇಲ್ಲದೆ ಹೊರಗೆ ಬರಬಹುದು, ಮಾರಾಟವಾಗದ ಮಾಲನ್ನು ವಾಪಸ್ ತಗೊಳ್ಳುತ್ತಾರಾ, ಪ್ರತಿ ತಿಂಗಳು ಇಷ್ಟು ಕೊಳ್ಳಲೇಬೇಕು ಅಂತ ಇದೆಯಾ.

## ಮೊದಲ ತಿಂಗಳುಗಳು

ಬೋಣಿ ಯಾರಿಂದ ಮಾಡಿಸಲಿ? ನೆಂಟರನ್ನ ಕೇಳೋಕೆ ಮುಜುಗರ ಆಗುತ್ತೆ.

ಆ ಮುಜುಗರ ಸರಿಯಾದದ್ದೇ. ಅದನ್ನು ಕೊಲ್ಲಿ ಅಂತ ಕಂಪನಿ ಮೀಟಿಂಗಿನಲ್ಲಿ ಹೇಳಿಕೊಡುತ್ತಾರೆ, ನಾನು ಹೇಳಲ್ಲ. ನೂರು ಜನರ ಹೆಸರು ಬರೆದು ಎಲ್ಲರಿಗೂ ಫೋನ್ ಮಾಡಿಸುತ್ತಾರೆ. ಎರಡು ತಿಂಗಳಾದ ಮೇಲೆ ಆ ನೂರು ಜನರಲ್ಲಿ ಅರ್ಧ ಜನ ನಿಮ್ಮ ಫೋನ್ ಎತ್ತುವುದಿಲ್ಲ.

ಹತ್ತೇ ಹೆಸರು ಬರೆಯಿರಿ. ಈ ವಸ್ತುವನ್ನು ಈಗಾಗಲೇ ಬೇರೆ ಬ್ರ್ಯಾಂಡಿನಲ್ಲಿ ಕೊಳ್ಳುತ್ತಿರುವವರು ಯಾರು ಅಂತ ಯೋಚಿಸಿ. ನಾಲ್ಕು ಜನರ ಪಾತ್ರೆ ತೊಳೆಯುವ ಗೃಹಿಣಿಗೆ ಲಿಕ್ವಿಡ್ ಹೇಗೂ ಬೇಕು. ಅವರಿಗೆ 'ನಾನು ಇಂಥದ್ದು ಶುರು ಮಾಡಿದ್ದೇನೆ. ಒಂದು ಸಲ ತೋರಿಸಲಾ? ಬೇಡ ಅಂದ್ರೂ ಬೇಜಾರಿಲ್ಲ' ಅಂತ ಕೇಳಿ. ಬೇಡ ಅಂದವರನ್ನು ಮತ್ತೆ ಕೇಳಬೇಡಿ. ಮದುವೆ, ನಾಮಕರಣ, ತಿಥಿ ಮನೆಯಲ್ಲಿ ಮಾಲಿನ ಮಾತು ಎತ್ತಲೇಬೇಡಿ.

ಡೆಮೊ ಮಾಡುವಾಗ ಗಾಬರಿ ಆಗುತ್ತೆ. ಹೇಗೆ ಶುರು ಮಾಡೋದು?

ನಾನು ಮಾಡುವ ರೀತಿ ಹೇಳುತ್ತೇನೆ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಹೋಗುತ್ತೇನೆ, ಮಕ್ಕಳು ಶಾಲೆಯಿಂದ ಬರುವ ಮೊದಲು. ನಾಲ್ಕೈದು ಹೆಂಗಸರು ಸಾಕು. ಡೆಮೊಗೆ ನನ್ನ ಪಾತ್ರೆ ಒಯ್ಯುವುದಿಲ್ಲ. ಮನೆಯವರದ್ದೇ ಮೆಣಸಿನಕಾಯಿ ಬಜ್ಜಿ ಕರಿದ ಬಾಣಲೆ ಕೇಳುತ್ತೇನೆ, ಜಿಡ್ಡು ಹಾಗೇ ಇರುವುದು. ಒಂದು ಲೋಟದಲ್ಲಿ ನೀರು, ಅದಕ್ಕೆ ಅಳೆದು ಒಂದು ಮುಚ್ಚಳ ಲಿಕ್ವಿಡ್. ಆಮೇಲೆ ಬಾಣಲೆಯನ್ನು ಆ ಮನೆಯಾಕೆಯ ಕೈಗೇ ಕೊಡುತ್ತೇನೆ. ತೊಳೆಯುವವರು ಅವರು, ನಾನಲ್ಲ. ಅವರು ತೊಳೆಯುವಾಗ ಸುಮ್ಮನಿರಬೇಕು. ಹೊಸಬರಿಗೆ ಕಷ್ಟ ಆಗುವುದು ಇದೇ. ಮೌನ ಸಹಿಸಲಾರದೆ ಏನೇನೋ ಹೊಗಳಲು ಶುರು ಮಾಡುತ್ತಾರೆ.

ಬಾಣಲೆ ಮಗುಚಿಟ್ಟು ಅವರೇ ಬೆರಳಿಂದ ತಳ ಸವರಿ ನೋಡುತ್ತಾರೆ. ಆಮೇಲೆ ಬರುವ ಮೊದಲ ಪ್ರಶ್ನೆ ಯಾವಾಗಲೂ 'ಎಷ್ಟು?' ಅಂತ. ಆಗ ಚೀಟಿಯ ಮೇಲೆ ಅವರೆದುರೇ ಲೆಕ್ಕ ಮಾಡುತ್ತೇನೆ. ಒಂದು ಬಾಟಲಿ ಎಷ್ಟು ದಿನ ಬರುತ್ತೆ, ದಿನಕ್ಕೆ ಎಷ್ಟು ಬಿತ್ತು, ಅವರು ಈಗ ಬಳಸುವುದಕ್ಕೆ ದಿನಕ್ಕೆ ಎಷ್ಟು. ನಮ್ಮದು ಜಾಸ್ತಿ ಬಿದ್ದರೆ ಜಾಸ್ತಿ ಅಂತಲೇ ಬರೆಯುತ್ತೇನೆ. ಒಮ್ಮೆ ನೆಲ ಒರೆಸುವ ಲಿಕ್ವಿಡ್ ಲೆಕ್ಕ ಅಂಗಡಿಯದಕ್ಕಿಂತ ದುಬಾರಿ ಬಂತು. 'ಇದನ್ನು ಅಂಗಡಿಯಲ್ಲೇ ತಗೊಳ್ಳಿ' ಅಂದೆ. ಆ ಮನೆಯವರು ಇವತ್ತಿಗೂ ಪಾತ್ರೆ ಲಿಕ್ವಿಡ್ ನನ್ನ ಹತ್ತಿರವೇ ತಗೊಳ್ಳುತ್ತಾರೆ.

ಡೆಮೊ ದಿನ 'ನೀವೂ ಸೇರಿ' ಅನ್ನುವ ಮಾತು ಬೇಡ. ವಸ್ತು ತೋರಿಸುತ್ತೇನೆ ಅಂತ ಕರೆದು ಸೇರಿಸುವ ಪ್ಲಾನ್ ತೋರಿಸುವುದು ನಂಬಿಕೆದ್ರೋಹ.

ಗಿರಾಕಿ ಮನೆಗೆ ಹೋಗುವಾಗ ಜೊತೆಗೆ ಏನೇನು ಇರಬೇಕು?

ಗುರುತಿನ ಚೀಟಿ, ಆರ್ಡರ್ ಫಾರಂ, ಬೆಲೆಪಟ್ಟಿ. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಯಾರ ಮನೆಗೂ ಹೋಗುವಂತಿಲ್ಲ. ಇದು 2021ರ ನಿಯಮ, ನಮ್ಮ ಸುರಕ್ಷತೆಗೂ ಒಳ್ಳೆಯದು. ಹೋದ ಕೂಡಲೇ ನಾನು ಯಾರು, ಯಾವ ಕಂಪನಿ, ಯಾಕೆ ಬಂದೆ ಅಂತ ಹೇಳಬೇಕು. ಆರ್ಡರ್ ಫಾರಂನಲ್ಲಿ ನಿಮ್ಮ ಹೆಸರು, ವಿಳಾಸ, ನೋಂದಣಿ ನಂಬರ್, ಫೋನ್, ವಸ್ತುವಿನ ವಿವರ, ಒಟ್ಟು ಬೆಲೆ ಇರಬೇಕು. ಬೇಡವಾದರೆ ಹೇಗೆ ವಾಪಸ್ ಕೊಡಬಹುದು ಎಂಬುದೂ ಇರಬೇಕು. ಅದನ್ನು ಬಾಯಲ್ಲೂ ಹೇಳಿ. ವಾಪಸ್ ಮಾಡಬಹುದು ಅಂತ ಗೊತ್ತಾದ ಮೇಲೆ ಜನ ಧೈರ್ಯವಾಗಿ ಕೊಳ್ಳುತ್ತಾರೆ.

ಸ್ಟಾಕ್ ಎಷ್ಟು ಇಟ್ಕೊಳ್ಳಲಿ? ಜಾಸ್ತಿ ಇದ್ರೆ ಜಾಸ್ತಿ ಮಾರಬಹುದು ಅಂತಾರೆ.

ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಆಗ ಬೇರೆ ಕಂಪನಿಯಲ್ಲಿದ್ದೆ. ಸೇರಿ ಎರಡನೇ ವರ್ಷ. ಮಾರ್ಚ್ 30ರ ರಾತ್ರಿ ಒಂಬತ್ತು ಗಂಟೆಗೆ ಅಪ್‌ಲೈನ್, ಅಂದರೆ ನನ್ನನ್ನು ಸೇರಿಸಿದ ಮೇಲಿನವರು, ಫೋನ್ ಮಾಡಿದರು. 'ಇನ್ನು 18,000 ಬಿಲ್ ಮಾಡಿಬಿಟ್ರೆ ನೀವು ಮುಂದಿನ ಲೆವೆಲ್. ನಾಳೆ ಒಂದೇ ದಿನ ಇದೆ' ಅಂದರು. ಚೀಟಿ ಎತ್ತಿದ್ದ ದುಡ್ಡು ಮನೆಯಲ್ಲಿತ್ತು, ಮಗಳ ಕಾಲೇಜಿನ ಫೀಸಿಗೆ ಅಂತ ಇಟ್ಟಿದ್ದು. ಅದನ್ನು ಹಾಕಿದೆ. ಲೆವೆಲ್ ಬಂತು, ಸ್ಟೇಜ್ ಮೇಲೆ ಕರೆದು ಪಿನ್ ಹಾಕಿದರು, 2,700 ಬೋನಸ್ಸೂ ಬಂತು. ಮಾಲು ಮಂಚದ ಕೆಳಗೆ ಎರಡು ಪೆಟ್ಟಿಗೆ ಕೂತಿತ್ತು. ಕ್ರೀಮುಗಳ ಅವಧಿ ಮುಗಿಯುತ್ತಾ ಬಂದಾಗ ಅರ್ಧ ಬೆಲೆಗೆ ಕೊಟ್ಟೆ, ಉಳಿದದ್ದನ್ನು ಹಂಚಿದೆ, ಕೊನೆಗೆ ಕೆಲವನ್ನು ಎಸೆದೆ. ಬೋನಸ್ ಕಳೆದೂ ಸುಮಾರು 9,000 ಹೋಯಿತು. ಫೀಸಿಗೆ ನನ್ನ ತಮ್ಮನ ಹತ್ತಿರ ಕೈಚಾಚಿದೆ.

ಅಂದಿನಿಂದ ಆರ್ಡರ್ ಇಲ್ಲದ ಮಾಲು ತರುವುದಿಲ್ಲ. ಡೆಮೊಗೆ ಒಂದೊಂದು, ತುರ್ತಿಗೆ ಹೆಚ್ಚು ಹೋಗುವ ವಸ್ತು ಎರಡೆರಡು, ಅಷ್ಟೇ. ಗಿರಾಕಿಗೆ 'ನಾಲ್ಕು ದಿನ ಆಗುತ್ತೆ' ಅಂದರೆ ಕಾಯುತ್ತಾರೆ. ಕ್ರೀಮು, ಪುಡಿ, ತಿನ್ನುವ ವಸ್ತು ತರುವಾಗ ಪೆಟ್ಟಿಗೆ ಬಿಚ್ಚಿದ ಕೂಡಲೇ ಅವಧಿ ಮುಗಿಯುವ ತಿಂಗಳು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಗುರುತಿನವರು ಉದ್ರಿ ಕೇಳ್ತಾರೆ. ಇಲ್ಲ ಅನ್ನೋದು ಹೇಗೆ?

'ಕಂಪನಿಗೆ ನಾನು ಮೊದಲೇ ಕಟ್ಟಬೇಕು' ಅಂತ ಹೇಳಿ. ಅದು ನಿಜವೂ ಹೌದು. ತಿಂಗಳ ಸಂಬಳದವರಾದರೆ ಆರ್ಡರನ್ನೇ ಒಂದರಿಂದ ಐದನೇ ತಾರೀಖಿನೊಳಗೆ ತಗೊಳ್ಳಿ, ಉದ್ರಿಯ ಮಾತೇ ಬರುವುದಿಲ್ಲ. ದಾಕ್ಷಿಣ್ಯಕ್ಕೆ ಕೊಟ್ಟ 400 ರೂಪಾಯಿ ವಾಪಸ್ ಕೇಳಲಾಗದೆ ಆ ಮನೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ದುಡ್ಡೂ ಹೋಯಿತು, ಗಿರಾಕಿಯೂ ಹೋಯಿತು.

## ದುಡ್ಡಿನ ಲೆಕ್ಕ

ಸತ್ಯ ಹೇಳಿ, ತಿಂಗಳಿಗೆ ಎಷ್ಟು ಉಳಿಯುತ್ತೆ?

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಕಂಪನಿಯ ಅಂಕಿ ಹಾಕಿ ನೀವೂ ಮಾಡಿ.

24 ಮನೆ, ಮನೆಗೆ ಸರಾಸರಿ 625 ರೂಪಾಯಿ. ಒಟ್ಟು ಮಾರಾಟ 15,000. ನಿಮಗೆ ಸಿಗುವ ಬೆಲೆ ಮತ್ತು ಎಂಆರ್‌ಪಿ ನಡುವಿನ ಅಂತರ ನೂರಕ್ಕೆ 20 ಅಂತ ಇಟ್ಟುಕೊಳ್ಳೋಣ, 3,000 ಸಿಕ್ಕಿತು. ಕಂಪನಿ ಬೋನಸ್ 600 ಅಂದುಕೊಳ್ಳಿ. ಕೈಗೆ 3,600. ಇನ್ನು ಖರ್ಚು: ಪೆಟ್ರೋಲ್, ಆಟೊ 600, ಡೆಮೊಗೆ ಖಾಲಿಯಾದ ಮಾಲು 250, ಫೋನಿಗೆ 150, ಸೋರಿದ ಬಾಟಲಿ, ಬಾರದ ಬಾಕಿ 200. ಒಟ್ಟು 1,200. ಉಳಿದದ್ದು 2,400. ಮನೆಗೆ ಎರಡು ಗಂಟೆ ಅಂದರೂ 48 ಗಂಟೆ ಕೆಲಸ. ಗಂಟೆಗೆ 50 ರೂಪಾಯಿ.

ಮೊದಲ ವರ್ಷ ಇಷ್ಟೇ ಇರಬಹುದು, ಇದಕ್ಕಿಂತ ಕಮ್ಮಿಯೂ ಆಗಬಹುದು. ಮುಂದೆ ಅದೇ ಮನೆಯವರು ಮತ್ತೆ ಮತ್ತೆ ಕೊಳ್ಳತೊಡಗಿದಾಗ ಡೆಮೊ ಬೇಕಾಗಲ್ಲ, ವಾಟ್ಸಾಪಿನಲ್ಲಿ ಆರ್ಡರ್ ಬರುತ್ತದೆ, ಎರಡು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಲಾಭ ಕಾಣುವುದು ಆವಾಗ. ಅದಕ್ಕೇ ಹೊಸ ಗಿರಾಕಿ ಹುಡುಕುವುದಕ್ಕಿಂತ ಹಳಬರ ಬಾಟಲಿ ಯಾವಾಗ ಖಾಲಿಯಾಗುತ್ತೆ ಅಂತ ಬರೆದಿಡುವುದು ಮುಖ್ಯ. ನನ್ನ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮನೆಗೊಂದು ಪುಟ. ತಗೊಂಡ ತಾರೀಖು, ಏನು, ಯಾವಾಗ ಮುಗಿಯಬಹುದು, ಯಾವ ವಾಸನೆ ಆಗಲ್ಲ.

ಬಿವಿ, ಪಿವಿ ಅಂತಾರಲ್ಲ, ಅದೇನು?

ಪ್ರತಿ ವಸ್ತುವಿಗೆ ಕಂಪನಿ ಕೊಡುವ ಅಂಕ. ಬೋನಸ್ ಲೆಕ್ಕ ಅದರ ಮೇಲೆ, ನೀವು ಕಟ್ಟಿದ ದುಡ್ಡಿನ ಮೇಲಲ್ಲ. '10 ಪರ್ಸೆಂಟ್ ಬೋನಸ್' ಅಂದಾಗ ಯಾವುದರ ಮೇಲೆ 10 ಅಂತ ಕೇಳಿ.

ಟ್ಯಾಕ್ಸ್ ಕಟ್ಟಬೇಕಾ? ನನ್ನ ಕಮಿಷನ್‌ನಲ್ಲಿ ಹಿಡ್ಕೊಂಡಿದ್ದಾರೆ.

ಅದು ಟಿಡಿಎಸ್, ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ. ಒಂದು ಕಂಪನಿಯಿಂದ ವರ್ಷಕ್ಕೆ ಬರುವ ಕಮಿಷನ್ 20,000 ದಾಟಿದರೆ ಹಿಡಿಯುತ್ತಾರೆ. ದರ ಮೊದಲು ನೂರಕ್ಕೆ 5 ಇತ್ತು, 2024ರ ಅಕ್ಟೋಬರ್‌ನಿಂದ 2 ಆಗಿದೆ. ಪ್ಯಾನ್ ಕೊಡದಿದ್ದರೆ 20 ಹಿಡಿಯುತ್ತಾರೆ, ಅದಕ್ಕೆ ಪ್ಯಾನ್ ತಪ್ಪದೆ ಕೊಡಿ. ನಿಮ್ಮ ಒಟ್ಟು ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳಲ್ಲ: ಬಹುಮಾನವಾಗಿ ಕೊಡುವ ವಿದೇಶ ಪ್ರವಾಸ, ಚಿನ್ನ, ಸ್ಕೂಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ 20,000 ಮೀರಿದರೆ ಅದರ ಬೆಲೆಗೆ ನೂರಕ್ಕೆ 10 ಟಿಡಿಎಸ್, 2022ರ ಜುಲೈಯಿಂದ.

ಜಿಎಸ್‌ಟಿ ವಿಷಯಕ್ಕೆ ಬಂದರೆ, ಕಮಿಷನ್ ಅಂದರೆ ಸೇವೆ, ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು. ಆದರೆ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳಲ್ಲೂ ನೋಂದಣಿಯ ಮಾತು ಇರುವುದರಿಂದ ನಿಮ್ಮ ಊರಿನ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಒಮ್ಮೆ ಒಪ್ಪಂದ ತೋರಿಸಿಯೇ ಮುಂದುವರಿಯಿರಿ.

ಎಂಆರ್‌ಪಿಗಿಂತ ಜಾಸ್ತಿ ತಗೊಂಡ್ರೆ ತಪ್ಪಾ? ಮನೆಗೇ ತಲುಪಿಸ್ತೀವಲ್ಲ.

ತಪ್ಪು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ, ಆ ವಸ್ತುವಿಗೆ ಅದರ ಮೇಲೆ ಒಂದು ರೂಪಾಯಿಯೂ ತಗೊಳ್ಳುವಂತಿಲ್ಲ.

## ಸ್ವಲ್ಪ ದಿನ ಕಳೆದ ಮೇಲೆ

ಈ ಪೌಡರ್‌ನಿಂದ ಶುಗರ್ ಹೋಗುತ್ತೆ ಅಂತ ಮೀಟಿಂಗ್‌ನಲ್ಲಿ ಹೇಳಿದ್ರು. ಗಿರಾಕಿಗೆ ಹೇಳಬಹುದಾ?

ದಯವಿಟ್ಟು ಹೇಳಬೇಡಿ. ಅದು ಆಹಾರ, ಔಷಧ ಅಲ್ಲ. ಡಬ್ಬಿಯ ಮೇಲಿರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಆಹಾರದ ಪರವಾನಗಿ, ರೋಗ ವಾಸಿಯಾಗುತ್ತೆ ಅಂತ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಕೆಲವು ರೋಗಗಳು ವಾಸಿಯಾಗುತ್ತವೆ ಎಂದು ಪ್ರಚಾರ ಮಾಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ 'ಮೊದಲು, ಆಮೇಲೆ' ಫೋಟೊಗಳ ವಿಷಯದಲ್ಲೂ ಜಾಗ್ರತೆ. ಕಂಪನಿ ಒಪ್ಪದ ಪ್ರಚಾರ ಸಾಮಗ್ರಿ ಹಂಚುವಂತಿಲ್ಲ.

ಕಾನೂನು ಬಿಡಿ. ನನ್ನ ಗಿರಾಕಿಯೊಬ್ಬರು, ಅರವತ್ತು ದಾಟಿದವರು, ಬೇರೆ ಯಾರೋ ಹೇಳಿದ್ದು ಕೇಳಿ ಪೌಡರ್ ಶುರು ಮಾಡಿ ಮಾತ್ರೆ ನಿಲ್ಲಿಸಿದ್ದರು. ನಾನು ಸೋಪು ಕೊಡಲು ಹೋದಾಗ ಕಾಲು ಊದಿತ್ತು, ಕಣ್ಣು ಮಂಜು ಅನ್ನುತ್ತಿದ್ದರು. ಅವತ್ತೇ ಮಗನಿಗೆ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆ. ಮಾತ್ರೆ ತಗೊಳ್ಳುವವರು ಕೇಳಿದರೆ 'ಡಾಕ್ಟರಿಗೆ ಡಬ್ಬಿ ತೋರಿಸಿ, ಅವರು ಹೂಂ ಅಂದರೆ ಕೊಡುತ್ತೇನೆ' ಅನ್ನಿ. ಒಂದು ಡಬ್ಬಿ ಮಾರಾಟ ತಪ್ಪಿದರೆ ತಪ್ಪಲಿ.

ನಾನು ಟೀಮ್ ಯಾವಾಗ ಕಟ್ಟಬೇಕು?

ನಿಮ್ಮ ಗಿರಾಕಿಯೇ ಬಂದು 'ನಾನೂ ಮಾಡಲಾ?' ಅಂತ ಕೇಳಿದಾಗ. ಅದಕ್ಕೂ ಮೊದಲು ಕನಿಷ್ಠ ಆರು ತಿಂಗಳು ನೀವು ಮಾರಿರಬೇಕು. ನೀವೇ ಕಲಿಯದ್ದನ್ನು ಯಾರಿಗೆ ಕಲಿಸುತ್ತೀರಿ? ಸೇರಿದವರ ಜೊತೆ ಮೊದಲ ಐದು ಮನೆಗೆ ನೀವೂ ಹೋಗಿ. ಒಂದೇ ಓಣಿಯಲ್ಲಿ ನಾಲ್ಕು ಜನರನ್ನು ಸೇರಿಸಬೇಡಿ. ಆಮೇಲೆ ನಾಲ್ವರೂ ಒಬ್ಬರನ್ನೊಬ್ಬರು ನೋಡುತ್ತಾ ಕೂರುತ್ತಾರೆ, ಕೊಳ್ಳುವವರೇ ಇರಲ್ಲ.

ಸಂಘದಲ್ಲಿ ಸಾಲ ತೆಗೆದು ಲೆವೆಲ್ ಮಾಡಿ ಅಂತ ಅಪ್‌ಲೈನ್ ಹೇಳ್ತಿದ್ದಾರೆ. ಏನು ಮಾಡಲಿ?

ಮಾಡಬೇಡಿ. ಸಂಘದ ಸಾಲಕ್ಕೆ ಉಳಿದ ಸದಸ್ಯೆಯರೂ ಜೊತೆಗಿರುತ್ತಾರೆ. ನೀವು ಕಟ್ಟದಿದ್ದರೆ ಮುಂದಿನ ಸಾಲಕ್ಕೆ ಅವರಿಗೂ ತೊಂದರೆ. ನಿಮ್ಮ ಲೆವೆಲ್‌ನಿಂದ ಅಪ್‌ಲೈನ್‌ಗೂ ಬೋನಸ್ ಬರುತ್ತದೆ, ಅವರ ಅವಸರ ಅಲ್ಲಿಂದ ಬಂದದ್ದು. ಕೆಟ್ಟವರು ಅಂತಲ್ಲ, ಅವರ ಮೇಲೂ ಇನ್ನೊಬ್ಬರು ಕೂತಿರುತ್ತಾರೆ. 'ಆರ್ಡರ್ ಇದ್ದಷ್ಟೇ ಬಿಲ್ ಮಾಡ್ತೀನಿ' ಅಂತ ಒಂದು ಸಲ ಮೆಸೇಜಿನಲ್ಲಿ ಬರೆದು ಕಳಿಸಿ. ಮಾತಿನಲ್ಲಿ ಹೇಳಿದರೆ ವಾದ ಬೆಳೆಯುತ್ತದೆ. ತಿಂಗಳ ಕೊನೆಯ ಎರಡು ದಿನ ರಾತ್ರಿ ಫೋನ್ ಎತ್ತಬೇಡಿ, ನಾನು ಹಾಗೇ ಮಾಡಿದ್ದು.

ನನಗೆ ಇದು ಆಗಲ್ಲ ಅನಿಸ್ತಿದೆ. ಬಿಟ್ಟರೆ ಉಳಿದ ಮಾಲಿನ ಗತಿ?

ಬಿಡುವುದರಲ್ಲಿ ಅವಮಾನ ಇಲ್ಲ. 'ಸೋತವರು ಬಿಡುತ್ತಾರೆ' ಅನ್ನುವ ಭಾಷಣ ಕೇಳಿ ಇನ್ನೊಂದು ವರ್ಷ ದುಡ್ಡು ಸುರಿಯಬೇಡಿ.

ಮೊದಲು ಒಪ್ಪಂದದಲ್ಲಿ ವಾಪಸಾತಿಯ ಭಾಗ ನೋಡಿ. ಸೀಲ್ ಒಡೆಯದ, ಅವಧಿ ಇರುವ ಮಾಲನ್ನು ಬಿಲ್ ಸಮೇತ ಬೇರೆ ಇಡಿ, ಎಲ್ಲದರ ಫೋಟೊ ತೆಗೆಯಿರಿ. ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆಯಿರಿ. ಅಪ್‌ಲೈನ್‌ಗೆ ಹೇಳಿದರೆ ಸಾಲದು. ಕನ್ನಡದಲ್ಲಿ ಬರೆದರೂ ಪರವಾಗಿಲ್ಲ, ತಾರೀಖು, ಬಿಲ್ ನಂಬರ್, ಮೊತ್ತ ಸ್ಪಷ್ಟವಾಗಿರಲಿ. ದೂರನ್ನು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ ನಿಯಮ ಇದೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅವರು ಕೊಡುವ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಆಮೇಲೆ ನಿಮ್ಮ ಗಿರಾಕಿಗಳಿಗೆ ಒಂದೊಂದು ಫೋನ್ ಮಾಡಿ, ನಿಲ್ಲಿಸುತ್ತಿದ್ದೇನೆ ಅಂತ ಹೇಳಿ. ಯಾರದ್ದಾದರೂ ಮುಂಗಡ ನಿಮ್ಮ ಹತ್ತಿರ ಇದ್ದರೆ ಅದನ್ನು ಮೊದಲು ವಾಪಸ್ ಕೊಡಿ.